ಶ್ವಾಸಕೋಶ ನಾರುಗಟ್ಟಿದಾಗ: ಉಳಿದ ಉಸಿರನ್ನು ಕಾಪಾಡಿಕೊಳ್ಳುವ ಬಗೆ

ಹುಟ್ಟಿದ ಗಳಿಗೆಯಿಂದ ಕೊನೆಯ ಗಳಿಗೆಯವರೆಗೆ ನಮ್ಮ ದೇಹದಲ್ಲಿ ಬಿಡುವಿಲ್ಲದೆ ನಡೆಯುವ ಕಾಯಕವೆಂದರೆ ಉಸಿರಾಟ. ಆರೋಗ್ಯವಂತರು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಆದರೆ ಅದರ ಅರಿವು ಅವರಿಗೆ ಇರುವುದಿಲ್ಲ. ಅದಕ್ಕೆ ತೊಡಕುಂಟಾದಾಗಲೇ ಉಸಿರಿನ ಬೆಲೆ ತಿಳಿಯುತ್ತದೆ.

ಅನೇಕ ಮನೆಗಳಿಗೆ ಪರಿಚಿತವಾದ ಒಂದು ಚಿತ್ರವನ್ನು ಇಲ್ಲಿ ನೆನೆಯಬಹುದು. ಅರವತ್ತೈದು ದಾಟಿದ ಹಿರಿಯರೊಬ್ಬರು ಪ್ರತಿ ಸೋಮವಾರ ಮಠದ ಮೆಟ್ಟಿಲೇರಿ ಗದ್ದುಗೆಯ ದರ್ಶನ ಪಡೆಯುವ ರೂಢಿಯುಳ್ಳವರು. ಈಚೆಗೆ ಅರ್ಧ ಮೆಟ್ಟಿಲಿಗೇ ನಿಂತು ಏದುಸಿರು ಬಿಡುತ್ತಾರೆ. ಕಫವಿಲ್ಲದ ಒಣಕೆಮ್ಮು ಬಿಟ್ಟೂ ಬಿಡದೆ ಕಾಡುತ್ತಿದೆ. ಮನೆಯವರು "ವಯಸ್ಸಾಯಿತಲ್ಲ" ಎನ್ನುತ್ತಾರೆ. ಹಿರಿಯರೂ ಅದನ್ನೇ ನಂಬುತ್ತಾರೆ. ಔಷಧ ಅಂಗಡಿಯಿಂದ ಕೆಮ್ಮಿನ ಸಿರಪ್ಪು ಬರುತ್ತದೆ, ಒಂದು ವರ್ಷ ಕಳೆಯುತ್ತದೆ. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ 'ಪಲ್ಮನರಿ ಫೈಬ್ರೋಸಿಸ್' ಎಂಬ ಹೆಸರು ಕೇಳಿಬರುತ್ತದೆ. ಅದರರ್ಥ ಶ್ವಾಸಕೋಶದ ನಾರುಗಟ್ಟುವಿಕೆ.

ಈ ಕಾಯಿಲೆಯಲ್ಲಿ ಒಮ್ಮೆ ನಾರುಗಟ್ಟಿದ ಭಾಗವು ಮತ್ತೆ ಮೊದಲಿನಂತಾಗುವುದಿಲ್ಲ. ಆದರೆ ಇನ್ನೂ ನಾರುಗಟ್ಟದೆ ಉಳಿದಿರುವ ಭಾಗವನ್ನು ಬಹುಮಟ್ಟಿಗೆ ಕಾಪಾಡಿಕೊಳ್ಳಲು ಇಂದು ದಾರಿಗಳಿವೆ. ಆದುದರಿಂದಲೇ ಕಳೆದುಹೋಗುವ ಆ ಒಂದು ವರ್ಷಕ್ಕೆ ಇಷ್ಟು ಬೆಲೆ.

ಶ್ವಾಸಕೋಶದೊಳಗೆ ಆಗುವುದೇನು?

ನಮ್ಮ ಎರಡು ಶ್ವಾಸಕೋಶಗಳಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಅವುಗಳ ಗೋಡೆ ಬಹಳ ತೆಳುವಾದುದು. ಅದರ ಒಂದು ಬದಿಯಲ್ಲಿ ಗಾಳಿ, ಇನ್ನೊಂದು ಬದಿಯಲ್ಲಿ ಕೂದಲಿಗಿಂತಲೂ ಸಣ್ಣನೆಯ ರಕ್ತನಾಳಗಳು. ನಾವು ಒಳಗೆಳೆದುಕೊಂಡ ಆಮ್ಲಜನಕವು ಈ ಗೋಡೆಯ ಮೂಲಕ ಹಾದು ರಕ್ತವನ್ನು ಸೇರುತ್ತದೆ.

ಕೈಗೆ ಗಾಯವಾದಾಗ ಅದು ಮಾಯ್ದು ಕಲೆ ಉಳಿಯುವುದನ್ನು ಎಲ್ಲರೂ ಕಂಡಿದ್ದೇವೆ. ಕಲೆಯಾದ ಚರ್ಮ ಗಡುಸಾಗಿರುತ್ತದೆ, ಎಳೆದರೆ ಹಿಗ್ಗುವುದಿಲ್ಲ. ಗಾಳಿಚೀಲಗಳ ಗೋಡೆಗೆ ಪದೇಪದೇ ಪೆಟ್ಟು ಬಿದ್ದಾಗ, ಅದನ್ನು ದುರಸ್ತಿ ಮಾಡಹೊರಟ ದೇಹವು ಅಳತೆ ಮೀರಿ ನಾರಿನಂಥ ಪದಾರ್ಥವನ್ನು ತುಂಬಿಬಿಡುತ್ತದೆ. ಗೋಡೆ ದಪ್ಪವಾಗುತ್ತದೆ, ಆಮ್ಲಜನಕ ಸುಲಭವಾಗಿ ಹಾಯಲಾರದು. ಶ್ವಾಸಕೋಶವು ಬಿಗಿಯಾಗಿ ಕುಗ್ಗುತ್ತದೆ. ಉಸಿರು ಎಳೆದುಕೊಳ್ಳಲು ಹೆಚ್ಚು ಶ್ರಮ ಬೇಕಾಗುತ್ತದೆ.

ಆಸ್ತಮಾದಲ್ಲಿ ತೊಂದರೆ ಇರುವುದು ಗಾಳಿಯ ಕೊಳವೆಗಳಲ್ಲಿ. ಅವು ಕಿರಿದಾಗಿ ಮತ್ತೆ ಸಡಿಲಗೊಳ್ಳುತ್ತವೆ, ಇನ್‌ಹೇಲರಿನಿಂದ ಆರಾಮ ಸಿಗುತ್ತದೆ. ಇಲ್ಲಿ ತೊಂದರೆ ಇರುವುದು ಗಾಳಿಚೀಲಗಳ ಗೋಡೆಯಲ್ಲಿ. ಆದಕಾರಣ ನಾರುಗಟ್ಟುವಿಕೆಗೆ ಇನ್‌ಹೇಲರ್ ಮದ್ದಲ್ಲ. ಇದು ಕ್ಷಯವೂ ಅಲ್ಲ, ಅಂಟುವ ರೋಗವೂ ಅಲ್ಲ. ರೋಗಿಯ ಪಕ್ಕದಲ್ಲಿ ಕುಳಿತು ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದರೆ, ಅವರ ತಟ್ಟೆ ಲೋಟ ಮುಟ್ಟಿದರೆ ಯಾರಿಗೂ ಏನೂ ಆಗುವುದಿಲ್ಲ. ಕೆಮ್ಮುತ್ತಾರೆಂಬ ಕಾರಣಕ್ಕೆ ಅವರನ್ನು ದೂರ ಕೂರಿಸುವುದು ಅಜ್ಞಾನದಿಂದಾಗುವ ಅನ್ಯಾಯ.

ಕಾರಣಗಳು: ಕೆಲವು ತಿಳಿದವು, ಕೆಲವು ತಿಳಿಯದವು

ಎಷ್ಟೇ ಹುಡುಕಿದರೂ ಕಾರಣ ಸಿಗದ ನಾರುಗಟ್ಟುವಿಕೆಗೆ ವೈದ್ಯರು 'ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್', ಸಂಕ್ಷೇಪವಾಗಿ ಐಪಿಎಫ್ ಎನ್ನುತ್ತಾರೆ. ಇದು ಹೆಚ್ಚಾಗಿ ಅರವತ್ತು ದಾಟಿದವರಲ್ಲಿ, ಅವರಲ್ಲೂ ಗಂಡಸರಲ್ಲಿ, ಬೀಡಿ ಸಿಗರೇಟು ಸೇದಿದವರಲ್ಲಿ ಕಾಣುತ್ತದೆ. ಕೆಲವು ಮನೆತನಗಳಲ್ಲಿ ಅನುವಂಶೀಯವಾಗಿಯೂ ಬರುವುದುಂಟು.

ಕಾರಣ ತಿಳಿದಿರುವ ಬಗೆಗಳೂ ಹಲವಿವೆ. ನಮ್ಮ ದೇಶಕ್ಕೆ ಸಂಬಂಧಿಸಿದಂತೆ ಅವುಗಳಲ್ಲಿ ಮುಖ್ಯವಾದುದು ಉಸಿರಿನೊಡನೆ ಒಳಹೋಗುವ ಜೈವಿಕ ಧೂಳಿಗೆ ಶ್ವಾಸಕೋಶವು ಅತಿಯಾಗಿ ಕೆರಳುವುದರಿಂದ ಬರುವ ಉರಿಯೂತ. ಗಾಳಿಚೀಲಗಳ ಗೋಡೆಗೆ ಸಂಬಂಧಿಸಿದ ಕಾಯಿಲೆಗಳುಳ್ಳ 1,084 ಜನರನ್ನು ಕುರಿತು ಭಾರತದ ಹಲವು ನಗರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 47ರಷ್ಟು ಮಂದಿಗೆ ಇದ್ದುದು ಈ ಬಗೆಯ ಕಾಯಿಲೆಯೇ. ಇದು ವರ್ಷಗಟ್ಟಲೆ ಮುಂದುವರಿದರೆ ನಾರುಗಟ್ಟುವಿಕೆಗೆ ತಿರುಗಬಲ್ಲದು.

ಈ ಧೂಳು ಬರುವುದು ನಮ್ಮ ಸುತ್ತಮುತ್ತಲಿನಿಂದಲೇ. ಪಾರಿವಾಳದ ಹಿಕ್ಕೆ ಮತ್ತು ಗರಿಯ ಹುಡಿ ಅದರಲ್ಲಿ ಮೊದಲನೆಯದು. ಮಳೆಗೆ ನೆನೆದು ಬೂಷ್ಟು ಹಿಡಿದ ಬಣವೆಯ ಮೇವನ್ನು ಕೆದರುವಾಗ ಏಳುವ ಧೂಳು, ತೇವಕ್ಕೆ ಕೆಟ್ಟ ಕಾಳಿನ ಧೂಳು, ಮನೆಯ ಗೋಡೆಯ ಬೂಷ್ಟು ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬಿಸಿಲಿಗೆ ಏರ್ ಕೂಲರ್ ಇಲ್ಲದ ಮನೆಗಳು ಕಡಿಮೆ. ಅದರ ಹುಲ್ಲಿನ ಪದರ ಮತ್ತು ನೀರಿನ ತೊಟ್ಟಿಯನ್ನು ಶುಚಿಗೊಳಿಸದಿದ್ದರೆ ಅಲ್ಲಿಯೂ ಬೂಷ್ಟು ಬೆಳೆದು, ಅದರ ಕಣಗಳು ತಂಪುಗಾಳಿಯೊಡನೆ ಮನೆಯವರ ಎದೆಯನ್ನು ಸೇರುತ್ತವೆ.

ಪಾರಿವಾಳಗಳಿಗೆ ಕಾಳು ಹಾಕುವುದನ್ನು ನಮ್ಮವರು ಪುಣ್ಯದ ಕೆಲಸವೆಂದು ಭಾವಿಸುತ್ತಾರೆ. ಸಕಲ ಜೀವಿಗಳಲ್ಲಿ ದಯೆಯಿರಬೇಕೆಂಬುದು ನಿಜ. ಆದರೆ ಮಲಗುವ ಕೋಣೆಯ ಕಿಟಕಿಯಲ್ಲಿ, ಮಹಡಿಯ ಸಜ್ಜೆಯಲ್ಲಿ ಅವು ಗೂಡುಕಟ್ಟುವಂತೆ ಬಿಡುವುದು ಮನೆಯವರ ಶ್ವಾಸಕೋಶಕ್ಕೆ ದಯೆ ತೋರಿದಂತಾಗುವುದಿಲ್ಲ. ಈ ಕಾಯಿಲೆ ಈಗಾಗಲೇ ಬಂದಿರುವವರಂತೂ ಪಾರಿವಾಳಗಳ ಹತ್ತಿರ ಸುಳಿಯಲೇಬಾರದು. ಹಿಕ್ಕೆಯನ್ನು ತೆಗೆಯಬೇಕಾದಾಗ ಬೇರೆಯವರು ನೀರು ಚಿಮುಕಿಸಿ, ಬಿಗಿಯಾದ ಎನ್-95 ಮುಖಗವಸು ಧರಿಸಿ ತೆಗೆಯಬೇಕು, ಒಣಗಿದ್ದಂತೆಯೇ ಗುಡಿಸಬಾರದು.

ಎರಡನೆಯ ಗುಂಪು ಕಸುಬಿನ ಧೂಳಿನದು. ಇಳಕಲ್ಲಿನ ಗ್ರಾನೈಟ್ ಕಲ್ಲು ನಾಡಿನಾಚೆಗೂ ಹೆಸರಾಗಿದೆ. ಕಲ್ಲು ಒಡೆಯುವ, ಕೊರೆಯುವ, ಹೊಳಪು ಕೊಡುವ ಕೆಲಸದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ಕಾಯಿಲೆಯನ್ನು ತರುತ್ತವೆ. ಕಾನೂನಿನ ಪ್ರಕಾರ ಇದು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಸುಬಿನ ರೋಗ. ನೀರು ಹಾಯಿಸುತ್ತ ಕಲ್ಲು ಕೊರೆದರೆ ಧೂಳು ಬಹಳ ಮಟ್ಟಿಗೆ ತಗ್ಗುತ್ತದೆ. ಬಟ್ಟೆಯನ್ನು ಮೂಗಿಗೆ ಕಟ್ಟಿಕೊಳ್ಳುವುದು ಇದಕ್ಕೆ ಸಾಲದು.

ಮೂರನೆಯದು ಕೀಲುವಾತದಂಥ ಕಾಯಿಲೆಗಳು. ರುಮಟಾಯ್ಡ್ ಸಂಧಿವಾತ, ಚರ್ಮ ಬಿಗಿಯುವ ಸ್ಕ್ಲಿರೋಡರ್ಮಾ ಮುಂತಾದವುಗಳಲ್ಲಿ ದೇಹದ ರಕ್ಷಣಾವ್ಯವಸ್ಥೆಯು ತನ್ನದೇ ಅಂಗಗಳ ಮೇಲೆ ಎರಗುತ್ತದೆ; ಶ್ವಾಸಕೋಶವೂ ಅದಕ್ಕೆ ತುತ್ತಾಗಬಹುದು. ಬೆರಳಿನ ಗೆಣ್ಣುಗಳು ಬೆಳಿಗ್ಗೆ ಬಿಗಿಯುವ ತಾಯಂದಿರು ಏದುಸಿರೂ ಇದ್ದರೆ ಎರಡನ್ನೂ ಸೇರಿಸಿ ವೈದ್ಯರಿಗೆ ಹೇಳಬೇಕು.

ಇವಲ್ಲದೆ ಎದೆಗೆ ಕೊಟ್ಟ ವಿಕಿರಣ ಚಿಕಿತ್ಸೆ, ಹೃದಯದ ಬಡಿತ ಸರಿಪಡಿಸಲು ಕೊಡುವ ಅಮಿಯೋಡರೋನ್, ಮೂತ್ರದ ಸೋಂಕಿಗೆ ಬಹುಕಾಲ ಸೇವಿಸುವ ನೈಟ್ರೋಫ್ಯುರಾಂಟಾಯಿನ್, ಕ್ಯಾನ್ಸರಿನ ಕೆಲವು ಔಷಧಗಳು ಅಪರೂಪಕ್ಕೆ ಶ್ವಾಸಕೋಶಕ್ಕೆ ಹಾನಿ ಮಾಡಬಹುದು. ಹಾಗೆಂದು ಯಾವ ಔಷಧವನ್ನೂ ತಾವಾಗಿಯೇ ನಿಲ್ಲಿಸಬಾರದು. ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿದರೆ ಸಾಕು.

ಗುರುತಿಸುವುದು ಹೇಗೆ?

ನಡೆದಾಗ, ಮೆಟ್ಟಿಲು ಹತ್ತಿದಾಗ ಏದುಸಿರು ಬಂದು, ಅದು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತ ಹೋಗುವುದು ಮೊದಲ ಗುರುತು. ಎರಡು ತಿಂಗಳು ಮೀರಿದ ಒಣಕೆಮ್ಮು ಎರಡನೆಯದು. ದಣಿವು, ತೂಕ ಇಳಿಯುವುದು, ಕೆಲವರಲ್ಲಿ ಬೆರಳ ತುದಿಗಳು ಉಬ್ಬಿ ಉಗುರುಗಳು ಗಿಣಿಯ ಕೊಕ್ಕಿನಂತೆ ಬಾಗುವುದು ಇತರ ಗುರುತುಗಳು. ವೈದ್ಯರು ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟಾಗ ಉಸಿರೆಳೆಯುವ ಕೊನೆಯಲ್ಲಿ ಚರಚರ ಸದ್ದು ಕೇಳಿಸುತ್ತದೆ. ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿನಿಂದ ಬಿಚ್ಚುವಾಗ ಬರುವ ಸದ್ದನ್ನು ಅದು ಹೋಲುತ್ತದೆ. ಈ ಸದ್ದನ್ನು ಕೇಳಲು ಖರ್ಚೇನೂ ಇಲ್ಲ. ಆದುದರಿಂದ ಕೆಮ್ಮಿಗೆಂದು ಹೋದಾಗ ಬೆನ್ನನ್ನೂ ಪರೀಕ್ಷಿಸಿರೆಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಎದೆಯ ಎಕ್ಸ್‌ರೇಯಲ್ಲಿ ಆರಂಭದ ನಾರುಗಟ್ಟುವಿಕೆ ಕಾಣದೆ ಹೋಗಬಹುದು. ಕಂಡರೂ ಅದನ್ನು ಹಳೆಯ ಕ್ಷಯದ ಕಲೆಯೆಂದು ಭಾವಿಸುವುದುಂಟು. ಕಫದ ಪರೀಕ್ಷೆಯಲ್ಲಿ ಕ್ಷಯದ ಸುಳಿವಿಲ್ಲದೆ, ಕ್ಷಯದ ಚಿಕಿತ್ಸೆ ಪಡೆದೂ ಏದುಸಿರು ಹೆಚ್ಚುತ್ತಲೇ ಇದ್ದರೆ ಶ್ವಾಸಕೋಶ ತಜ್ಞರನ್ನು ಕಾಣಲೇಬೇಕು. ಹೆಚ್ಚು ಸ್ಪಷ್ಟವಾದ ಸಿ.ಟಿ. ಸ್ಕ್ಯಾನ್, ಅಂದರೆ ಎಚ್.ಆರ್.ಸಿ.ಟಿ., ಇಲ್ಲಿ ಮುಖ್ಯ ಪರೀಕ್ಷೆ. ಕಾಯಿಲೆ ಮುಂದುವರಿದಿದ್ದರೆ ಶ್ವಾಸಕೋಶದ ಅಂಚಿನಲ್ಲಿ ಜೇನುಗೂಡಿನಂಥ ರಂಧ್ರಗಳು ಅದರಲ್ಲಿ ಕಾಣುತ್ತವೆ. ಕೊಳವೆಗೆ ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ, ಆರು ನಿಮಿಷ ನಡೆಸಿ ಆಮ್ಲಜನಕದ ಮಟ್ಟ ನೋಡುವ ಪರೀಕ್ಷೆ, ವಾತರೋಗಗಳನ್ನು ಪತ್ತೆಹಚ್ಚುವ ರಕ್ತಪರೀಕ್ಷೆಗಳನ್ನೂ ಮಾಡಿಸುತ್ತಾರೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶ್ವಾಸಕೋಶ ವಿಭಾಗಗಳಲ್ಲಿ, ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ ಈ ಕಾಯಿಲೆಯ ಬಗ್ಗೆ ತಜ್ಞರ ಸಲಹೆ ಪಡೆಯಬಹುದು.

ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅನೇಕರ ಮನೆಯಲ್ಲಿದೆ. ಇಲ್ಲೊಂದು ಸೂಕ್ಷ್ಮವಿದೆ. ಕುಳಿತಾಗ ಅದು 96 ಎಂದು ತೋರಿಸಬಹುದು. ನಾಲ್ಕಾರು ನಿಮಿಷ ನಡೆದೊಡನೆ 88ಕ್ಕೆ ಇಳಿಯಬಹುದು. ಕುಳಿತಾಗಿನ ಅಂಕಿಯೊಂದನ್ನೇ ನಂಬಿ ನಿಶ್ಚಿಂತರಾಗಬಾರದು.

ಚಿಕಿತ್ಸೆ: ತಡೆಯುವುದು, ನಿಧಾನಗೊಳಿಸುವುದು

ಕಾರಣ ತಿಳಿದಿದ್ದರೆ ಅದನ್ನು ದೂರಮಾಡುವುದೇ ಮೊದಲ ಚಿಕಿತ್ಸೆ. ಬೂಷ್ಟು ಮತ್ತು ಪಾರಿವಾಳಗಳಿಂದ ದೂರ ಉಳಿದ ಮೇಲೆ ಕೆಲವರಲ್ಲಿ ಕಾಯಿಲೆ ಅಲ್ಲಿಗೇ ನಿಲ್ಲುವುದುಂಟು. ಧೂಮಪಾನವನ್ನಂತೂ ಆ ದಿನವೇ ಬಿಡಬೇಕು.

ನಾರುಗಟ್ಟುವ ವೇಗವನ್ನು ತಗ್ಗಿಸುವ ಎರಡು ಔಷಧಗಳು, ಪಿರ್ಫೆನಿಡೋನ್ ಮತ್ತು ನಿಂಟೆಡಾನಿಬ್, ಬಳಕೆಯಲ್ಲಿವೆ. ಅಮೆರಿಕದಲ್ಲಿ ಇವೆರಡಕ್ಕೂ 2014ರಲ್ಲಿ ಅನುಮತಿ ದೊರೆಯಿತು. ಭಾರತದಲ್ಲಿಯೂ ಹಲವು ಕಂಪನಿಗಳು ಇವನ್ನು ತಯಾರಿಸುತ್ತಿವೆ. ಇವು ಆಗಿಹೋದ ಕಲೆಯನ್ನು ಅಳಿಸುವುದಿಲ್ಲ. ಐಪಿಎಫ್ ರೋಗಿಗಳಲ್ಲಿ ಶ್ವಾಸಕೋಶದ ಸಾಮರ್ಥ್ಯ ಕುಸಿಯುವ ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತವೆ. ಮಾತ್ರೆ ನುಂಗಿದರೂ ಏದುಸಿರು ಕಡಿಮೆಯಾಗಲಿಲ್ಲವೆಂದು ಎರಡೇ ತಿಂಗಳಿಗೆ ನಿಲ್ಲಿಸಿಬಿಡುವವರು ಈ ಮಾತನ್ನು ಗಮನಿಸಬೇಕು. ಈ ಔಷಧದ ಫಲವನ್ನು ಇಂದು ಸಿಕ್ಕ ಆರಾಮದಿಂದ ಅಳೆಯಲಾಗದು. ಮುಂದೆ ಆಗಬೇಕಿದ್ದ ನಷ್ಟ ತಗ್ಗುವುದೇ ಅದರ ಫಲ.

ಎರಡನ್ನೂ ಊಟದೊಡನೆಯೇ ಸೇವಿಸಬೇಕು. ಸೋಮವಾರ, ಶಿವರಾತ್ರಿಗಳಂದು ಉಪವಾಸವಿರುವ ಭಕ್ತರು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗದೆ, ಮೊದಲೇ ವೈದ್ಯರೊಡನೆ ಮಾತನಾಡಿಕೊಳ್ಳುವುದು ಒಳ್ಳೆಯದು. ಪಿರ್ಫೆನಿಡೋನಿನಿಂದ ವಾಕರಿಕೆ, ಹಸಿವು ಕುಂದುವುದು, ಬಿಸಿಲಿಗೆ ಹೋದರೆ ಚರ್ಮ ಕೆಂಪಾಗುವುದು ಕಾಣಬಹುದು; ಕೊಡೆ, ತುಂಬುತೋಳಿನ ಅಂಗಿ ಜೊತೆಗಿರಲಿ. ನಿಂಟೆಡಾನಿಬ್‌ನಿಂದ ಭೇದಿಯಾಗುವುದು ಸಾಮಾನ್ಯ. ಎರಡಕ್ಕೂ ಆಗಾಗ ಯಕೃತ್ತಿನ ಪರೀಕ್ಷೆ ಅಗತ್ಯ. ಪ್ರಮಾಣವನ್ನು ಹೊಂದಿಸಿದರೆ ಬಹುಪಾಲು ತೊಂದರೆಗಳನ್ನು ನಿಭಾಯಿಸಬಹುದು.

ಸ್ಟಿರಾಯ್ಡ್ ಮಾತ್ರೆಗಳ ವಿಷಯದಲ್ಲಿ ಎಚ್ಚರ ಬೇಕು. ಜೈವಿಕ ಧೂಳಿನ ಉರಿಯೂತದಲ್ಲಿ, ಕೆಲವು ವಾತರೋಗಗಳಲ್ಲಿ ಅವು ಉಪಕಾರಿ. ಆದರೆ ಐಪಿಎಫ್‌ನಲ್ಲಿ ಸ್ಟಿರಾಯ್ಡನ್ನು ಅಜಥಯೋಪ್ರಿನ್ ಮುಂತಾದವುಗಳೊಡನೆ ಕೂಡಿಸಿ ಕೊಟ್ಟಾಗ ಸಾವುಗಳು ಹೆಚ್ಚಿದುದು 2012ರಲ್ಲಿ ಪ್ರಕಟವಾದ ಪ್ರಯೋಗದಿಂದ ತಿಳಿದುಬಂತು. ಆದ್ದರಿಂದ ಒಬ್ಬರಿಗೆ ಗುಣ ಕೊಟ್ಟ ಮಾತ್ರೆಯನ್ನು ಇನ್ನೊಬ್ಬರು ಕೇಳಿ ಪಡೆಯುವುದು ಅಪಾಯ. ಬಹುಕಾಲ ಸೇವಿಸುತ್ತಿರುವ ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದೂ ಅಷ್ಟೇ ಅಪಾಯ. ಶ್ವಾಸಕೋಶದ ಕಲೆಯನ್ನು ಕರಗಿಸುತ್ತೇವೆಂದು ಹೇಳುವ ಮದ್ದುಗಳಿಗೆ ಹೊಲ ಮಾರಿ ಹಣ ಸುರಿಯಬಾರದು.

ಆಯ್ದ ಕೆಲವರಿಗೆ ಶ್ವಾಸಕೋಶದ ಕಸಿ ಸಾಧ್ಯ. ವಯಸ್ಸು, ಹೃದಯ, ಮೂತ್ರಪಿಂಡಗಳ ಸ್ಥಿತಿ ಎಲ್ಲವನ್ನೂ ನೋಡಿ ತಜ್ಞರು ನಿರ್ಧರಿಸುತ್ತಾರೆ. ನಮ್ಮ ರಾಜ್ಯದಲ್ಲಿ ಅಂಗದಾನದ ಹಂಚಿಕೆಯನ್ನು 'ಜೀವಸಾರ್ಥಕತೆ' ಸಂಸ್ಥೆ ನೋಡಿಕೊಳ್ಳುತ್ತದೆ. ದಾನಿಗಳು ಕಡಿಮೆಯಿರುವುದರಿಂದ ಅಂಗದಾನದ ವಿಚಾರವನ್ನು ಪ್ರತಿ ಕುಟುಂಬವೂ ಯೋಚಿಸತಕ್ಕದ್ದು.

ಆಮ್ಲಜನಕ ಚಟವಲ್ಲ

ವಿಶ್ರಾಂತಿಯಲ್ಲಿಯೇ ಆಮ್ಲಜನಕದ ಮಟ್ಟ 88 ಅಥವಾ ಅದಕ್ಕಿಂತ ಕೆಳಗಿದ್ದರೆ ಮನೆಯಲ್ಲಿ ಆಮ್ಲಜನಕ ಕೊಡುವಂತೆ ವೈದ್ಯರು ಸೂಚಿಸುತ್ತಾರೆ. ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 15 ಗಂಟೆ ಬಳಸಬೇಕಾಗುತ್ತದೆ. "ಒಮ್ಮೆ ಹಚ್ಚಿದರೆ ಬಿಡಿಸಲಾಗದು" ಎಂದು ಹೆದರಿ ಅನೇಕರು ಬೇಡವೆನ್ನುತ್ತಾರೆ. ಹಸಿದವನಿಗೆ ಅನ್ನ ಚಟವಲ್ಲ; ಆಮ್ಲಜನಕವೂ ಹಾಗೆಯೇ. ಅದಿಲ್ಲದೆ ಹೃದಯದ ಮೇಲೆ ಹೊರೆ ಬೀಳುತ್ತದೆ.

ಆದರೆ ಆಮ್ಲಜನಕ ಮತ್ತು ಬೆಂಕಿ ಒಂದೆಡೆ ಇರಕೂಡದು. ಮೂಗಿಗೆ ನಳಿಕೆ ಹಾಕಿಕೊಂಡವರ ಹತ್ತಿರ ದೀಪ, ಊದುಬತ್ತಿ, ಕರ್ಪೂರ, ಲೋಬಾನ, ಒಲೆ, ಬೀಡಿ ಇರಬಾರದು. ಕನಿಷ್ಠ ಹತ್ತು ಅಡಿ ದೂರವಿರಬೇಕು. ಮುಖಕ್ಕೆ ಎಣ್ಣೆ, ವ್ಯಾಸಲಿನ್ ಹಚ್ಚಬಾರದು. ಇಷ್ಟಲಿಂಗ ಪೂಜೆಗೆ ಮೂಗಿನ ನಳಿಕೆ ಅಡ್ಡಿಯಲ್ಲ. ಕುರ್ಚಿಯಲ್ಲಿ ಕುಳಿತು, ದೀಪ ಧೂಪಗಳನ್ನು ಬೇರೆ ಕೋಣೆಯಲ್ಲಿರಿಸಿ ನೆಮ್ಮದಿಯಿಂದ ಪೂಜೆ ಮಾಡಿಕೊಳ್ಳಬಹುದು. ಧೂಪದ ಹೊಗೆ ಕೆಮ್ಮನ್ನು ಕೆರಳಿಸುವುದರಿಂದ ಆಮ್ಲಜನಕ ಬಳಸದವರಿಗೂ ಇದೇ ಕ್ರಮ ಒಳ್ಳೆಯದು. ಆಮ್ಲಜನಕದ ಯಂತ್ರಕ್ಕೆ ವಿದ್ಯುತ್ ಬೇಕು. ಕರೆಂಟು ಹೋಗುವ ಊರುಗಳಲ್ಲಿ ತುಂಬಿದ ಸಿಲಿಂಡರೊಂದನ್ನು ಸಿದ್ಧವಾಗಿಟ್ಟಿರಬೇಕು.

ದಿನದಿನದ ಬದುಕು

ಏದುಸಿರು ಬರುತ್ತದೆಂದು ರೋಗಿ ನಡೆಯುವುದನ್ನೇ ಬಿಟ್ಟರೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುಗಳಿಗೆ ಅದೇ ಕೆಲಸಕ್ಕೆ ಹೆಚ್ಚು ಆಮ್ಲಜನಕ ಬೇಕಾಗಿ ಏದುಸಿರು ಇನ್ನಷ್ಟು ಹೆಚ್ಚುತ್ತದೆ. ಈ ಸುಳಿಯಿಂದ ಹೊರಬರಲು ವೈದ್ಯರ ಸಲಹೆಯಂತೆ ದಿನವೂ ಸಮತಟ್ಟಾದ ನೆಲದಲ್ಲಿ ನಡೆಯಬೇಕು, ಬೇಕಾದರೆ ಆಮ್ಲಜನಕದೊಡನೆ. ಐದು ನಿಮಿಷದಿಂದ ಆರಂಭಿಸಿ ಮೆಲ್ಲನೆ ಹೆಚ್ಚಿಸಬಹುದು. ಏದುಸಿರು ಬಂದಾಗ ಮೂಗಿನಿಂದ ಉಸಿರೆಳೆದು, ಬಿಸಿ ಹಾಲನ್ನು ಆರಿಸುವಂತೆ ತುಟಿ ಕೂಡಿಸಿ ನಿಧಾನವಾಗಿ ಊದುತ್ತ ಬಿಡಬೇಕು. ಕಪಾಲಭಾತಿ, ಭಸ್ತ್ರಿಕೆ, ಉಸಿರು ಬಿಗಿಹಿಡಿಯುವ ಕುಂಭಕಗಳನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಹೊಟ್ಟೆ ತುಂಬಿದರೆ ಉಸಿರಿಗೆ ಜಾಗ ಕಡಿಮೆ. ಆದಕಾರಣ ಮೂರು ದೊಡ್ಡ ಊಟಗಳ ಬದಲು ಐದಾರು ಸಣ್ಣ ಊಟಗಳು ಹಿತ. ಕಟಕ ರೊಟ್ಟಿ ಅಗಿಯಲು ದಣಿವಾದರೆ ನುಚ್ಚು, ಮೆತ್ತನೆಯ ರೊಟ್ಟಿ, ಅಂಬಲಿ ಇರಲಿ. ತೂಕ ಇಳಿಯದಂತೆ ಬೇಳೆ, ಹೆಸರುಕಾಳು, ಶೇಂಗಾ, ಹಾಲು ಮೊಸರುಗಳು ಸಾಕಷ್ಟಿರಲಿ. ಎದೆಯುರಿ ಇರುವವರು ರಾತ್ರಿಯ ಊಟವನ್ನು ಮಲಗುವ ಮೂರು ಗಂಟೆ ಮೊದಲೇ ಮುಗಿಸಿ, ಮಂಚದ ತಲೆಭಾಗವನ್ನು ಎತ್ತರಿಸಿಕೊಳ್ಳಬೇಕು. ಸ್ನಾನವನ್ನು ಸ್ಟೂಲಿನ ಮೇಲೆ ಕುಳಿತು ಮಾಡಿದರೆ ದಣಿವು ಕಡಿಮೆ.

ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರು ಹೇಳಿದಂತೆ ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಬೇಕು. ಜಾತ್ರೆ, ಮದುವೆಗಳ ಜನಸಂದಣಿಯಲ್ಲಿ ಮುಖಗವಸು ಧರಿಸಬೇಕು. ಕೆಲವೇ ದಿನಗಳಲ್ಲಿ ಏದುಸಿರು ತಟ್ಟನೆ ಹೆಚ್ಚಿದರೆ, ಜ್ವರ ಬಂದರೆ, ತುಟಿ ನೀಲಿಯಾದರೆ, ಆಮ್ಲಜನಕದ ಮಟ್ಟ ಎಂದಿಗಿಂತ ಕುಸಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಮನೆಯವರಿಗೊಂದು ಮಾತು

ಚಿಕಿತ್ಸೆಯಿಲ್ಲದ ಕಾಲದ ಲೆಕ್ಕದಂತೆ ಐಪಿಎಫ್ ರೋಗಿಗಳು ರೋಗ ಪತ್ತೆಯಾದ ಮೇಲೆ ಸರಾಸರಿ ಮೂರರಿಂದ ಐದು ವರ್ಷ ಬದುಕುತ್ತಿದ್ದರು. ಸರಾಸರಿ ಎಂಬುದು ಒಬ್ಬೊಬ್ಬರ ಆಯುಷ್ಯದ ಲೆಕ್ಕವಲ್ಲ. ಹಲವರು ಅದನ್ನು ಮೀರಿ ಬಾಳುತ್ತಾರೆ. ಆದರೂ ಕಾಯಿಲೆಯ ಗಂಭೀರತೆಯನ್ನು ರೋಗಿಯಿಂದ ಪೂರ್ತಿ ಮುಚ್ಚಿಡುವುದು ಸರಿಯಲ್ಲ. ಅವರಿಗೂ ಹೇಳಬೇಕಾದ ಮಾತುಗಳು, ಮುಗಿಸಬೇಕಾದ ಕೆಲಸಗಳು ಇರುತ್ತವೆ. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಯಂತ್ರಗಳ ನಡುವೆ ಇರಬೇಕೋ, ಮನೆಯವರ ನಡುವೆ ಇರಬೇಕೋ ಎಂಬುದನ್ನು ಅವರನ್ನೇ ಕೇಳಿ ತಿಳಿಯುವುದು ಗೌರವ. ಏದುಸಿರು, ಕೆಮ್ಮು, ಆತಂಕಗಳನ್ನು ತಗ್ಗಿಸಲೆಂದೇ ಉಪಶಾಮಕ ಆರೈಕೆಯ ವೈದ್ಯರಿದ್ದಾರೆ. ಅವರ ನೆರವನ್ನು ಕೊನೆಯ ವಾರಕ್ಕೆ ಮೀಸಲಿಡದೆ ಮೊದಲಿನಿಂದಲೇ ಪಡೆಯಬಹುದು.

ರೋಗಿ ಮಾತನಾಡುವಾಗ ಉಸಿರಿಗಾಗಿ ತಡೆದರೆ ಅವರ ಮಾತನ್ನು ನಾವು ಪೂರ್ತಿಗೊಳಿಸದೆ ಕಾಯೋಣ. ಅವರೊಡನೆ ನಡೆಯುವಾಗ ಅವರ ಹೆಜ್ಜೆಗೆ ನಮ್ಮ ಹೆಜ್ಜೆಯನ್ನು ಹೊಂದಿಸೋಣ. ಅವರು ಕೈಲಾದ ಕೆಲಸ ಮಾಡುತ್ತೇನೆಂದರೆ ಬೇಡವೆನ್ನದಿರೋಣ. ಕುಳಿತು ಕಾಳು ಆರಿಸುವುದೂ, ಮೊಮ್ಮಕ್ಕಳಿಗೆ ಪಾಠ ಹೇಳುವುದೂ ಕಾಯಕವೇ. ಆದರೆ ಆರಿಸುವ ಕಾಳು ಧೂಳು, ಬೂಷ್ಟು ಇಲ್ಲದ್ದಾಗಿರಲಿ.

ಮುಂದಿನ ಸೋಮವಾರ ಮಠಕ್ಕೆ ಬರುವಾಗ ಜೊತೆಯಲ್ಲಿರುವ ಹಿರಿಯರು ಮೆಟ್ಟಿಲು ಹತ್ತುವುದನ್ನು ಒಮ್ಮೆ ಗಮನಿಸಿ. ಹೋದ ವರ್ಷ ನಿಲ್ಲದೆ ಹತ್ತಿದವರು ಈ ವರ್ಷ ಎರಡು ಕಡೆ ನಿಂತರೆ, ಜೊತೆಗೆ ಒಣಕೆಮ್ಮೂ ಇದ್ದರೆ, "ವಯಸ್ಸಾಯಿತು" ಎನ್ನುವ ಮೊದಲು ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಇನ್ನೂ ನಾರುಗಟ್ಟದ ಶ್ವಾಸಕೋಶ ಎಷ್ಟು ಉಳಿದಿದೆಯೋ ಅಷ್ಟನ್ನೂ ಅವರಿಗಾಗಿ ಉಳಿಸಿಕೊಡುವ ಅವಕಾಶ ಆಗ ನಮ್ಮ ಕೈಯಲ್ಲಿರುತ್ತದೆ.